ಕುಂಡದ ತಳದಲ್ಲಿ ನಿಲ್ಲುವ ನೀರು, ಉಸಿರು ಕಟ್ಟುವ ಬೇರು

ಕುಂಡದ ಗಿಡ ಬಾಡಿ ನಿಂತರೆ ಕೈ ತಾನಾಗಿಯೇ ನೀರಿನ ಮಗ್ಗಿನ ಕಡೆ ಹೋಗುತ್ತದೆ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ. ಒಳಗೆ ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ ಮಗ್ಗನ್ನು ಕೆಳಗಿಡಿ. ಆ ಗಿಡದ ಬೇರಿಗೆ ಉಸಿರು ಕಟ್ಟಿದೆ. ಇನ್ನೊಂದು ಮಗ್ಗು ನೀರು ಹಾಕಿದರೆ ಉಳಿದಿರುವ ಗಾಳಿಯನ್ನೂ ಹೊರಗಟ್ಟಿದಂತಾಗುತ್ತದೆ.

ಕುಂಡದಲ್ಲಿ ಬೆಳೆಸುವವರು ನೀರಿನ ಲೆಕ್ಕ ಇಡುತ್ತಾರೆ, ಗೊಬ್ಬರದ ಲೆಕ್ಕ ಇಡುತ್ತಾರೆ. ಗಾಳಿಯ ಲೆಕ್ಕ ಇಡುವವರು ಕಡಿಮೆ. ಕುಂಡದ ಅರ್ಧಕ್ಕರ್ಧ ಸಮಸ್ಯೆ ಇಲ್ಲೇ ಹುಟ್ಟುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಹಾಗಾಗಿ ಈ ಬರಹ ಪೂರ್ತಿ ಬೇರಿನ ಗಾಳಿಯ ಬಗ್ಗೆಯೇ.

ಎಲೆ ಆಮ್ಲಜನಕವನ್ನು ಹೊರಗೆ ಬಿಡುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಬೇರಿಗೆ ಆಮ್ಲಜನಕ ಬೇಕು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಬೇರಿನ ಪ್ರತಿ ಜೀವಕೋಶವೂ ಎಲೆಯಿಂದ ಇಳಿದುಬಂದ ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಒಡೆದು ಶಕ್ತಿ ಪಡೆಯುತ್ತದೆ. ಪೋಷಕಾಂಶಗಳನ್ನು ಒಳಗೆ ಎಳೆದುಕೊಳ್ಳುವುದು, ತುದಿ ಬೆಳೆಯುವುದು ಎಲ್ಲವೂ ಆ ಶಕ್ತಿಯಿಂದಲೇ. ಆಮ್ಲಜನಕ ಸಿಗದಿದ್ದರೆ ಜೀವಕೋಶದ ಒಳಗಿನ ರಸ ಹುಳಿಯಾಗುತ್ತದೆ, ಅಂದರೆ ಆಮ್ಲೀಯವಾಗುತ್ತದೆ. ಆಗ ಜೀವಕೋಶದ ಪೊರೆಯಲ್ಲಿ ನೀರು ಹಾಯುವ ಸಣ್ಣ ಪ್ರೋಟೀನ್ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರು ತುಂಬಿದ್ದರೂ ಬೇರಿಗೆ ಅದನ್ನು ಕುಡಿಯಲಾಗುವುದಿಲ್ಲ. ನೀರಿನಲ್ಲಿ ನಿಂತ ಗಿಡ ಬಾಡುವುದು ಹೀಗೆ.

ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅದೇ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 9 ಮಿಲಿಗ್ರಾಂ ಮಾತ್ರ. ಅಷ್ಟೇ ಅಲ್ಲ, ನಿಂತ ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಬೇರಿನ ಪಕ್ಕದ ನೀರಿನಲ್ಲಿರುವ ಆಮ್ಲಜನಕ ಖರ್ಚಾದ ಮೇಲೆ ಹೊಸದು ಬಂದು ತಲುಪುವಷ್ಟರಲ್ಲಿ ಬೇರಿನ ತುದಿ ಸತ್ತಿರುತ್ತದೆ. ಬಿಸಿಲು ಏರಿದಂತೆ ಕಷ್ಟ ಎರಡು ಕಡೆಯಿಂದ ಬರುತ್ತದೆ. 30 ಡಿಗ್ರಿಯಲ್ಲಿ ನೀರು ಹಿಡಿದಿಡುವ ಆಮ್ಲಜನಕ ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಬೇರಿನ ಉಸಿರಾಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬಿಸಿಲಿಗೆ ಕಾದ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ತಳದ ನೀರು ನಿಂತಿದ್ದರೆ ಗಿಡ ಒಂದೆರಡು ದಿನದಲ್ಲೇ ಕುಸಿಯುವುದಕ್ಕೆ ಇದೇ ಕಾರಣ.

ಹಾಗಾದರೆ ಭತ್ತ ಹೇಗೆ ನೀರಿನಲ್ಲಿ ನಿಂತು ಬೆಳೆಯುತ್ತದೆ ಎಂದು ಕೇಳಬಹುದು. ಭತ್ತದ ಕಾಂಡ ಮತ್ತು ಬೇರಿನೊಳಗೆ ಟೊಳ್ಳು ಗಾಳಿಕೊಳವೆಗಳಿವೆ. ಎಲೆಯಿಂದ ಗಾಳಿ ಆ ದಾರಿಯಲ್ಲಿ ಬೇರಿನ ತುದಿಯವರೆಗೂ ಇಳಿಯುತ್ತದೆ. ಟೊಮೇಟೊ, ಮೆಣಸಿನಕಾಯಿ, ಗುಲಾಬಿ, ಮನೆಯೊಳಗಿಡುವ ಬಹುಪಾಲು ಅಲಂಕಾರದ ಗಿಡಗಳು ಆಮ್ಲಜನಕಕ್ಕೆ ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನೇ ನಂಬಿಕೊಂಡಿವೆ.

ಸ್ಪಂಜು ಹೇಳುವ ಪಾಠ

ಕುಂಡಕ್ಕೆ ತೂತು ಇದೆ, ನೀರು ಹರಿದುಹೋಗುತ್ತದೆ, ಇನ್ನೇನು ತೊಂದರೆ ಎಂದು ಅನಿಸುವುದು ಸಹಜ. ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜು ಒಂದನ್ನು ತೆಗೆದುಕೊಳ್ಳಿ. ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ, ಅಡ್ಡಡ್ಡ ಮಲಗಿಸಿದಂತೆ ಅಂಗೈ ಮೇಲೆ ಹಿಡಿಯಿರಿ. ನೀರು ತೊಟ್ಟಿಕ್ಕಿ, ಕೊನೆಗೆ ನಿಲ್ಲುತ್ತದೆ. ಈಗ ಅದನ್ನು ಉದ್ದದ ಅಂಚಿನ ಮೇಲೆ ನಿಲ್ಲುವಂತೆ ತಿರುಗಿಸಿ. ಮತ್ತೆ ನೀರು ಇಳಿಯುತ್ತದೆ. ಅದು ನಿಂತ ಮೇಲೆ ಗಿಡ್ಡ ಅಂಚು ಕೆಳಗೆ ಬರುವಂತೆ ನೆಟ್ಟಗೆ ಹಿಡಿಯಿರಿ. ಇನ್ನೊಂದಷ್ಟು ಇಳಿಯುತ್ತದೆ. ಸ್ಪಂಜು ಅದೇ, ತೂತುಗಳೂ ಅವೇ, ಬದಲಾದದ್ದು ಎತ್ತರ ಮಾತ್ರ.

ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದಕ್ಕೆ ಕೇಶಾಕರ್ಷಣೆ ಎನ್ನುತ್ತಾರೆ. ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಇದರಿಂದಲೇ. ಕುಂಡದ ತಳದಲ್ಲಿ ಈ ಹಿಡಿತ ಗುರುತ್ವದ ಎಳೆತಕ್ಕೆ ಸಮನಾಗುವ ಎತ್ತರದವರೆಗೂ ಎಲ್ಲ ಸಂದುಗಳಲ್ಲಿ ನೀರು ತುಂಬಿಯೇ ಇರುತ್ತದೆ. ತೂತು ಎಷ್ಟು ದೊಡ್ಡದಿದ್ದರೂ ಆ ಪದರ ತಾನಾಗಿ ಬರಿದಾಗುವುದಿಲ್ಲ. ಅದರ ಎತ್ತರವನ್ನು ತೀರ್ಮಾನಿಸುವುದು ಮಣ್ಣಿನ ಕಣಗಳ ಗಾತ್ರ. ನುಣುಪಾದ ಮಣ್ಣಾದರೆ ಪದರ ದಪ್ಪ, ದಪ್ಪ ಕಣಗಳ ಮಿಶ್ರಣವಾದರೆ ಪದರ ತೆಳು. ಕುಂಡದ ಅಗಲ ಎಷ್ಟು, ಎತ್ತರ ಎಷ್ಟು ಎಂಬುದು ಆ ಪದರಕ್ಕೆ ಲೆಕ್ಕಕ್ಕಿಲ್ಲ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ನಿಮ್ಮ ಮಿಶ್ರಣದಲ್ಲಿ ಒದ್ದೆ ಪದರ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 20 ಸೆಂಟಿಮೀಟರ್ ಎತ್ತರಕ್ಕೆ ಮಣ್ಣು ತುಂಬಿದ ಕುಂಡದಲ್ಲಿ ಅದು ಕಾಲುಭಾಗ. 10 ಸೆಂಟಿಮೀಟರ್ ಎತ್ತರದ ಅಗಲ ತಟ್ಟೆಯಂಥ ಕುಂಡದಲ್ಲಿ ಅದೇ ಪದರ ಅರ್ಧ ಜಾಗ ನುಂಗುತ್ತದೆ. ಕುಂಡ ಗಿಡ್ಡವಾದಷ್ಟೂ ಮಿಶ್ರಣ ದಪ್ಪ ಕಣದ್ದಾಗಿರಬೇಕು. ಎತ್ತರದ ಕುಂಡಕ್ಕೆ ಹಾಕಿ ಗೆದ್ದ ಮಿಶ್ರಣವನ್ನೇ ಬೀಜ ಮೊಳೆಸುವ ಗಿಡ್ಡ ತಟ್ಟೆಗೆ ಹಾಕಿದರೆ ಸಸಿಗಳು ಬುಡದಲ್ಲಿ ಕೊಳೆತು ಮಲಗುವುದಕ್ಕೆ ಇದೂ ಒಂದು ಕಾರಣ.

ತಳಕ್ಕೆ ಜಲ್ಲಿ ಹಾಕಬೇಡಿ

ಕುಂಡದ ತಳಕ್ಕೆ ಜಲ್ಲಿ, ಬೆಣಚುಕಲ್ಲು, ಮಡಕೆ ಚೂರು ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಅದು ತಪ್ಪು. ಸಣ್ಣ ಸಂದುಗಳಲ್ಲಿರುವ ನೀರು ದೊಡ್ಡ ಸಂದುಗಳಿರುವ ಪದರಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣಿನ ತಳ ಪೂರ್ತಿ ತೊಯ್ದು ತುಂಬಿದ ಮೇಲಷ್ಟೇ ತೊಟ್ಟು ತೊಟ್ಟಾಗಿ ಕೆಳಗೆ ಬೀಳುತ್ತದೆ. ಹಾಗಾಗಿ ಒದ್ದೆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲೆ ಏರಿ ಕೂರುತ್ತದೆ. 20 ಸೆಂಟಿಮೀಟರ್ ಕುಂಡದ ತಳಕ್ಕೆ 4 ಸೆಂಟಿಮೀಟರ್ ಜಲ್ಲಿ ಹಾಕಿದಿರಿ ಎನ್ನಿ. ಮೊದಲು ಒದ್ದೆ ಪದರದ ಮೇಲೆ 15 ಸೆಂಟಿಮೀಟರ್ ಗಾಳಿಯಾಡುವ ಮಣ್ಣಿತ್ತು. ಈಗ ಉಳಿದದ್ದು 11. ಬೇರಿನ ಜಾಗವನ್ನು ನೀವೇ ಕಡಿಮೆ ಮಾಡಿದಿರಿ.

ತೂತಿನಿಂದ ಮಣ್ಣು ಸೋರದಂತೆ ಸೊಳ್ಳೆಪರದೆಯ ಒಂದು ತುಂಡು ಸಾಕು. ತೂತುಗಳು ನಾಲ್ಕೈದು ಇರಲಿ, ಒಂದೊಂದೂ 8ರಿಂದ 10 ಮಿಲಿಮೀಟರ್ ಅಗಲ ಇರಲಿ. ಸಪಾಟು ನೆಲದ ಮೇಲೆ ಸಪಾಟು ತಳದ ಕುಂಡ ಇಟ್ಟರೆ ತೂತು ಮುಚ್ಚಿಹೋಗುತ್ತದೆ. ಎರಡು ಸೆಂಟಿಮೀಟರ್ ಎತ್ತರದ ಮೂರು ಹೆಂಚಿನ ಚೂರುಗಳ ಮೇಲೆ ಕೂರಿಸಿ. ಆ ಮಡಕೆ ಚೂರುಗಳಿಗೆ ಸರಿಯಾದ ಜಾಗ ಕುಂಡದ ಒಳಗಲ್ಲ, ಅಡಿಯಲ್ಲಿ. ತೂತೇ ಇಲ್ಲದ ಅಂದದ ಕುಂಡಗಳಿಗೆ ತಳದಲ್ಲಿ ಇದ್ದಿಲು ಹರಡುವ ಸಲಹೆಯೂ ಉಪಯೋಗಕ್ಕೆ ಬಾರದು. ಇದ್ದಿಲು ನೀರನ್ನು ಹೊರಗೆ ಕಳಿಸುವುದಿಲ್ಲ. ಅಂಥ ಕುಂಡ ಇಷ್ಟವಾದರೆ ಗಿಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು, ಅದನ್ನು ಇದರೊಳಗೆ ಇಡಿ. ನೀರು ಹಾಕುವಾಗ ಹೊರತೆಗೆಯಿರಿ.

ಮಿಶ್ರಣ

ನೆಲದಲ್ಲಿ ಚೆನ್ನಾಗಿ ಬೆಳೆ ಕೊಡುವ ಮಣ್ಣು ಕುಂಡಕ್ಕೆ ಬಂದರೆ ಕೆಡುತ್ತದೆ. ನೆಲದಲ್ಲಿ ಎರೆಹುಳ ಇದೆ, ಹಳೆ ಬೇರು ಸತ್ತು ಬಿಟ್ಟ ಬಿಲಗಳಿವೆ, ಕೆಳಗೆ ಮೀಟರುಗಟ್ಟಲೆ ಮಣ್ಣು ನೀರನ್ನು ಎಳೆದುಕೊಳ್ಳುತ್ತದೆ. ಕುಂಡದಲ್ಲಿ ಇದ್ಯಾವುದೂ ಇಲ್ಲ. ಪ್ರತಿ ಸಲ ನೀರು ಬಿದ್ದಾಗ ಜೇಡಿಯ ಕಣಗಳು ಕೆಳಗೆ ಕೆಳಗೆ ಇಳಿದು ಕೂತು, ಆರು ತಿಂಗಳಲ್ಲಿ ತಳ ಇಟ್ಟಿಗೆಯಂತಾಗುತ್ತದೆ.

ಹೆಚ್ಚಿನ ತರಕಾರಿ ಮತ್ತು ಹೂಗಿಡಗಳಿಗೆ ಹೊಂದುವ ಅಳತೆ ಇದು: ಗಾತ್ರದ ಲೆಕ್ಕದಲ್ಲಿ ಎರಡು ಪಾಲು ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), ಒಂದು ಪಾಲು ಜರಡಿ ಹಿಡಿದ ಹಳೆಯ ಕಾಂಪೋಸ್ಟ್, ಒಂದರಿಂದ ಎರಡು ಪಾಲು 3ರಿಂದ 6 ಮಿಲಿಮೀಟರ್ ಗಾತ್ರದ ದಪ್ಪ ಕಣಗಳು. ದಪ್ಪ ಕಣ ಎಂದರೆ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲು) ಆಗಬಹುದು, ಪ್ಯೂಮಿಸ್ (ಜ್ವಾಲಾಮುಖಿಯ ತೂತುತೂತಾದ ಹಗುರ ಕಲ್ಲು) ಆಗಬಹುದು, ಇಟ್ಟಿಗೆ ಕುಟ್ಟಿ ದೂಳು ಸೋಸಿ ತೆಗೆದ ಚೂರೂ ಆಗಬಹುದು. ದೂಳು ಸೋಸುವುದು ಕಡ್ಡಾಯ. ದಪ್ಪ ಕಣ ಹಾಕುವುದೇ ಸಂದುಗಳಿಗಾಗಿ, ದೂಳು ಬಂದು ಆ ಸಂದನ್ನೇ ತುಂಬಿದರೆ ಪಟ್ಟ ಶ್ರಮ ವ್ಯರ್ಥ. ನೀರು ಶೇಖರಿಸಿಕೊಳ್ಳುವ ದಪ್ಪ ಎಲೆಯ ಗಿಡಗಳಿಗೆ, ಲೋಳೆಸರದಂಥವಕ್ಕೆ, ದಪ್ಪ ಕಣವೇ ಅರ್ಧಕ್ಕಿಂತ ಹೆಚ್ಚಿರಲಿ.

ಮರಳಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಜೇಡಿಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಹಗುರಾಗುತ್ತದೆ ಎಂಬ ನಂಬಿಕೆ ಇದೆ. ನಿಂಬೆಹಣ್ಣು ತುಂಬಿದ ಬುಟ್ಟಿಗೆ ಸಾಸಿವೆ ಸುರಿದರೆ ಏನಾಗುತ್ತದೆ? ಹಣ್ಣುಗಳ ನಡುವಿನ ಜಾಗವನ್ನೆಲ್ಲ ಸಾಸಿವೆ ತುಂಬುತ್ತದೆ. ಬುಟ್ಟಿ ಉಬ್ಬುವುದಿಲ್ಲ, ತೂಕ ಮಾತ್ರ ಹೆಚ್ಚುತ್ತದೆ. ಮರಳಿನ ನಡುವೆ ಜೇಡಿ ಕೂತರೂ ಅದೇ ಗತಿ. ಮರಳಿನ ಕಣ ಒಂದಕ್ಕೊಂದು ತಾಗಿ ನಿಲ್ಲುವಷ್ಟು ಪ್ರಮಾಣ ಇದ್ದರೆ ಮಾತ್ರ ಅವುಗಳ ನಡುವೆ ತೆರಪು ಉಳಿಯುತ್ತದೆ. ಅಷ್ಟಾಗಲು ಮಿಶ್ರಣದ ಅರ್ಧಕ್ಕಿಂತ ಹೆಚ್ಚು ಮರಳೇ ಇರಬೇಕು, ಅದೂ ದಪ್ಪ ಮರಳು. ಗೋಡೆಗೆ ಗಾರೆ ಮೆತ್ತುವ ಸಣ್ಣ ಮರಳು ಕುಂಡಕ್ಕೆ ಬೇಡವೇ ಬೇಡ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೆಯೇ ಬಳಸಬೇಡಿ. 650 ಗ್ರಾಂನ ಇಟ್ಟಿಗೆ ನೆನೆದು ಉಬ್ಬಿದರೆ ಸುಮಾರು 8 ಲೀಟರ್ ಆಗುತ್ತದೆ. ಅದನ್ನು ಬಟ್ಟೆಯಲ್ಲಿ ಹಾಕಿ ಹಿಂಡಿ, ಮತ್ತೆ ಹೊಸ ನೀರಿನಲ್ಲಿ ಕದಡಿ, ಮತ್ತೆ ಹಿಂಡಿ. ಚಹಾದ ಬಣ್ಣದ ನೀರು ತಿಳಿಯಾಗುತ್ತ ಬರುವವರೆಗೆ ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳು ಹೆಚ್ಚಿರಬಹುದು. ತೊಳೆಯದೆ ಹಾಕಿದರೆ ಎಳೆ ಸಸಿಯ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ನೀರು ಹೆಚ್ಚಾಗಿ ಕೆಟ್ಟಿತೋ ಉಪ್ಪಿನಿಂದ ಕೆಟ್ಟಿತೋ ತಿಳಿಯದೆ ಆಮೇಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಕಾಂಪೋಸ್ಟ್ ಒಳ್ಳೆಯದೆಂದು ಅದನ್ನೇ ಅರ್ಧ ತುಂಬುವುದೂ ಬೇಡ. ಅದು ಕೊಳೆಯುತ್ತ ನುಣ್ಣಗಾಗಿ ಕುಸಿಯುತ್ತದೆ. ಒಟ್ಟಿನ ಕಾಲುಭಾಗ ದಾಟದಿದ್ದರೆ ಒಳಿತು.

ಗಾಳಿಯನ್ನು ಅಳೆಯುವುದು

ಮಿಶ್ರಣ ಸರಿಯಿದೆಯೇ ಎಂದು ಊಹಿಸಬೇಕಾಗಿಲ್ಲ, ಅಡುಗೆಮನೆಯ ಅಳತೆ ಲೋಟದಿಂದಲೇ ಅಳೆಯಬಹುದು. ಗಿಡ ನೆಡುವ ಮೊದಲು ಇದಕ್ಕೆ ಒಂದಿಷ್ಟು ಹೊತ್ತು ಖರ್ಚು ಮಾಡುವುದು ಆಮೇಲೆ ಕೊಳ್ಳುವ ಯಾವ ಔಷಧಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ನೀವು ಬಳಸಲಿರುವ ಕುಂಡದಷ್ಟೇ ಎತ್ತರದ ಪ್ಲಾಸ್ಟಿಕ್ ಡಬ್ಬಿ ಅಥವಾ ಮೇಲ್ಭಾಗ ಕತ್ತರಿಸಿದ ಬಾಟಲಿ ತೆಗೆದುಕೊಳ್ಳಿ. ಎತ್ತರ ಏಕೆ ಮುಖ್ಯ ಎಂದು ಸ್ಪಂಜು ಆಗಲೇ ಹೇಳಿದೆ: ಗಿಡ್ಡ ಡಬ್ಬಿಯಲ್ಲಿ ಅಳೆದರೆ ಗಾಳಿ ಕಡಿಮೆ ತೋರಿಸುತ್ತದೆ. ತಳದಲ್ಲಿ ಮೂರು ನಾಲ್ಕು ತೂತು ಕೊರೆದು, ಹೊರಗಿನಿಂದ ಟೇಪ್ ಅಂಟಿಸಿ. ಒಂದು ಗೆರೆ ಗುರುತು ಮಾಡಿ, ಅಲ್ಲಿಯವರೆಗೆ ನೀರು ಹಿಡಿಸುವುದೆಷ್ಟು ಎಂದು ಅಳೆದು ಬರೆದಿಟ್ಟುಕೊಳ್ಳಿ. ನೀರು ಚೆಲ್ಲಿ ಒಣಗಿಸಿ. ಮಿಶ್ರಣಕ್ಕೆ ಸ್ವಲ್ಪ ತೇವ ಮಾಡಿ, ಅಂದರೆ ಹಿಡಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಅದನ್ನು ಗೆರೆಯವರೆಗೆ ತುಂಬಿ, ಡಬ್ಬಿಯನ್ನು ನೆಲಕ್ಕೆ ಎರಡು ಮೂರು ಸಲ ಮೆಲ್ಲನೆ ಕುಟ್ಟಿ, ಕುಸಿದಷ್ಟನ್ನು ಮತ್ತೆ ತುಂಬಿ. ಕೈಯಿಂದ ಒತ್ತಬೇಡಿ.

ಈಗ ಅಳತೆ ಲೋಟದಿಂದ ಒಂದೇ ಅಂಚಿನಲ್ಲಿ ನಿಧಾನವಾಗಿ ನೀರು ಹಾಕುತ್ತ ಹೋಗಿ. ಒಂದು ಅಂಚಿನಲ್ಲಿ ಹಾಕಿದರೆ ಒಳಗಿನ ಗಾಳಿ ಇನ್ನೊಂದು ಕಡೆಯಿಂದ ಹೊರಬರುತ್ತದೆ, ಗುಳ್ಳೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೇಲ್ಮೈ ನೀರಿನಿಂದ ಹೊಳೆಯತೊಡಗಿದಾಗ ನಿಲ್ಲಿಸಿ, ಹದಿನೈದು ನಿಮಿಷ ಬಿಡಿ, ಇಂಗಿದ್ದರೆ ಮತ್ತೆ ಸ್ವಲ್ಪ ಹಾಕಿ. ಒಟ್ಟು ಎಷ್ಟು ಹಿಡಿಯಿತು ಬರೆದುಕೊಳ್ಳಿ. ಡಬ್ಬಿಯನ್ನು ಅಗಲ ಪಾತ್ರೆಯ ಮೇಲೆ ಎರಡು ಕಡ್ಡಿಗಳ ಮೇಲಿಟ್ಟು ಟೇಪ್ ಕಿತ್ತುಬಿಡಿ. ಒಂದು ತಾಸಿನ ನಂತರ ಕೆಳಗೆ ಬಿದ್ದ ನೀರನ್ನು ಅಳೆಯಿರಿ. ಆ ನೀರು ಬಿಟ್ಟುಹೋದ ಜಾಗಕ್ಕೆ ಗಾಳಿ ಬಂದಿದೆ. ಅದೇ ನಿಮ್ಮ ಬೇರಿನ ಉಸಿರಿನ ಜಾಗ.

ಡಬ್ಬಿ 1000 ಮಿಲಿಲೀಟರ್, ಹಿಡಿದ ನೀರು 640, ಕೆಳಗೆ ಬಿದ್ದದ್ದು 150 ಎಂದಾದರೆ ಗಾಳಿಯ ಜಾಗ ನೂರಕ್ಕೆ 15. ಮಿಶ್ರಣದಲ್ಲಿ ಮೊದಲೇ ಇದ್ದ ತೇವ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ 640 ಎಂಬುದು ಒಟ್ಟು ಸಂದಿಗಿಂತ ಸ್ವಲ್ಪ ಕಡಿಮೆಯೇ. ಗಾಳಿಯ ಅಂಕಿ ಮಾತ್ರ ಬದಲಾಗುವುದಿಲ್ಲ. ಈ ಅಂಕಿ 10ಕ್ಕಿಂತ ಕಡಿಮೆ ಬಂದರೆ ದಪ್ಪ ಕಣ ಇನ್ನೊಂದು ಪಾಲು ಸೇರಿಸಿ ಮತ್ತೆ ಅಳೆಯಿರಿ. ತರಕಾರಿ, ಹೂಗಿಡಗಳಿಗೆ 10ರಿಂದ 20 ಸಾಕು. ಲೋಳೆಸರದ ಬಳಗಕ್ಕೆ 20ರಿಂದ 30 ಇರಲಿ. ಅದಕ್ಕಿಂತಲೂ ಹೆಚ್ಚು ಬಂದರೆ ದಿನಕ್ಕೆರಡು ಸಲ ನೀರು ಹಾಕಬೇಕಾದೀತು.

ನೀರು ಹಾಕುವ ರೀತಿ

ದಿನಾ ಒಂದೊಂದು ಲೋಟ ಹಾಕುವ ಅಭ್ಯಾಸ ಬಿಡಬೇಕು. ಒಂದು ಲೋಟ ಮೇಲಿನ ಎರಡು ಮೂರು ಸೆಂಟಿಮೀಟರನ್ನಷ್ಟೇ ನೆನೆಸುತ್ತದೆ. ಕೆಳಗಿನ ಬೇರಿಗೆ ತಲುಪುವುದಿಲ್ಲ, ನೀರಿನ ಜೊತೆ ಬಂದ ಉಪ್ಪು ಹೊರಗೆ ಹೋಗದೆ ಒಳಗೇ ಸೇರುತ್ತ ಹೋಗುತ್ತದೆ. ಹಾಕಿದರೆ ಪೂರ್ತಿ ಹಾಕಿ: ಮಣ್ಣೆಲ್ಲ ನೆನೆದು, ಹಾಕಿದ್ದರಲ್ಲಿ ಹತ್ತನೇ ಒಂದು ಪಾಲಿನಷ್ಟಾದರೂ ಕೆಳಗಿಂದ ಹೊರಬರಬೇಕು. ಈ ಹೊರಬರುವ ನೀರು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಮೇಲಿನಿಂದ ನೀರು ಇಳಿಯುವಾಗ ಹಳಸಿದ ಗಾಳಿ ಹೊರಹೋಗಿ, ನೀರು ಬಸಿದಂತೆಲ್ಲ ಹೊಸ ಗಾಳಿ ಒಳಗೆ ಸೆಳೆದುಕೊಳ್ಳುತ್ತದೆ. ಅಂದರೆ ಪೂರ್ತಿ ನೀರು ಹಾಕಿ ಪೂರ್ತಿ ಬಸಿಯಲು ಬಿಡುವುದು ಬೇರಿಗೆ ಒಂದು ದೀರ್ಘ ಉಸಿರು ಕೊಟ್ಟಂತೆ. ಅಡಿಯ ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ತಾಸಿನೊಳಗೆ ಚೆಲ್ಲಿಬಿಡಿ. ಇಲ್ಲದಿದ್ದರೆ ತೊಳೆದುಹೋದ ಉಪ್ಪು ಮತ್ತೆ ಮೇಲೇರುತ್ತದೆ.

ಮುಂದಿನ ನೀರು ಯಾವಾಗ ಎಂಬುದಕ್ಕೆ ಕ್ಯಾಲೆಂಡರ್ ಉತ್ತರ ಕೊಡುವುದಿಲ್ಲ, ತೂಕ ಕೊಡುತ್ತದೆ. ಚೆನ್ನಾಗಿ ನೀರು ಹಾಕಿ, ಒಂದು ತಾಸು ಬಸಿದ ಮೇಲೆ ಕುಂಡವನ್ನು ತೂಗಿ. 2.6 ಕಿಲೋ ಬಂತು ಎನ್ನಿ. ಗಿಡ ಬಾಡತೊಡಗುವ ಹಂತದಲ್ಲಿ ಒಮ್ಮೆ ತೂಗಿದಾಗ 1.4 ಕಿಲೋ ಇದ್ದರೆ ನಡುವಿನ 1.2 ಕಿಲೋ ಗಿಡಕ್ಕೆ ದಕ್ಕುವ ನೀರು. ಅದರ ಅರ್ಧ ಖಾಲಿಯಾದಾಗ, ಅಂದರೆ ತೂಕ 2 ಕಿಲೋಗೆ ಇಳಿದಾಗ, ಮತ್ತೆ ಹಾಕಿ. ನಾಲ್ಕಾರು ಸಲ ತೂಗಿದ ಮೇಲೆ ತಕ್ಕಡಿ ಬೇಡ, ಎತ್ತಿ ನೋಡಿದರೆ ಕೈಗೇ ಗೊತ್ತಾಗುತ್ತದೆ. ಎತ್ತಲಾಗದ ದೊಡ್ಡ ಕುಂಡಕ್ಕೆ ಸೌದೆಯ ತೆಳು ಕಡ್ಡಿಯನ್ನು ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆಯಾದ ಭಾಗ ಬಣ್ಣದಲ್ಲೇ ಕಾಣುತ್ತದೆ. ಎರಡು ಮುಳ್ಳಿನ ಅಗ್ಗದ ತೇವಮಾಪಕವನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಅಳೆಯುವುದು ವಿದ್ಯುತ್ ಹಾಯುವುದನ್ನು. ಗೊಬ್ಬರದ ಉಪ್ಪು ಹೆಚ್ಚಿದ್ದರೆ ಒಣಗುತ್ತಿರುವ ಮಣ್ಣನ್ನೂ ಒದ್ದೆ ಎನ್ನುತ್ತದೆ.

ಒಂದು ಎಚ್ಚರಿಕೆ. ಪೂರ್ತಿ ಒಣಗಿದ ಕೋಕೋಪೀಟ್ ಅಥವಾ ಕಾಂಪೋಸ್ಟ್ ಕುಗ್ಗಿ ಕುಂಡದ ಗೋಡೆ ಬಿಟ್ಟು ಸರಿದುಕೊಳ್ಳುತ್ತದೆ. ಆಗ ಹಾಕಿದ ನೀರು ಆ ಬಿರುಕಿನಲ್ಲಿ ಇಳಿದು ಕ್ಷಣದಲ್ಲಿ ತಟ್ಟೆಗೆ ಬರುತ್ತದೆ. ನೋಡಿದವರಿಗೆ ನೀರು ಸಾಕಾಯಿತು ಎನಿಸುತ್ತದೆ, ಒಳಗಿನ ಉಂಡೆ ಮಾತ್ರ ಒಣಗಿಯೇ ಇರುತ್ತದೆ. ಕುಂಡದ ಮುಕ್ಕಾಲು ಎತ್ತರದವರೆಗೆ ಬರುವಂತೆ ಬಕೆಟ್ ನೀರಿನಲ್ಲಿ ಅರ್ಧ ತಾಸು ಕೂರಿಸಿ, ಎತ್ತಿ ಬಸಿಯಲು ಬಿಡಿ.

ಮಳೆಯನ್ನೂ ನಂಬಬೇಡಿ. 30 ಸೆಂಟಿಮೀಟರ್ ಬಾಯಿಯ ಕುಂಡಕ್ಕೆ 10 ಮಿಲಿಮೀಟರ್ ಮಳೆ ಬಿದ್ದರೆ ಸಿಗುವುದು 700 ಮಿಲಿಲೀಟರ್ ಮಾತ್ರ, ಅದೂ ಎಲೆಗಳು ಕೊಡೆಯಂತೆ ತಡೆಯದಿದ್ದರೆ. ಸಣ್ಣ ಮಳೆಯಾದ ಮರುದಿನ ಕುಂಡ ಎತ್ತಿ ನೋಡುವುದು ಒಳ್ಳೆಯದು.

ಸಣ್ಣ ಸಸಿಯನ್ನು ಮುಂದೆ ಬೆಳೆಯಲಿ ಎಂದು ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕುವುದೂ ಬೇರಿನ ಉಸಿರು ಕಟ್ಟಿಸುವ ಕೆಲಸವೇ. ಬೇರು ಹರಡದ ಜಾಗದ ನೀರನ್ನು ಕುಡಿಯುವವರಿಲ್ಲ, ಅದು ವಾರಗಟ್ಟಲೆ ನಿಲ್ಲುತ್ತದೆ. ಈಗಿನ ಕುಂಡಕ್ಕಿಂತ 3ರಿಂದ 5 ಸೆಂಟಿಮೀಟರ್ ಅಗಲ ಹೆಚ್ಚಿರುವುದಕ್ಕೆ ಬದಲಿಸಿ, ಬೇರು ತುಂಬಿದ ಮೇಲೆ ಮುಂದಿನದಕ್ಕೆ. ಸುಟ್ಟ ಮಣ್ಣಿನ ಕುಂಡ ಗೋಡೆಯಿಂದಲೂ ನೀರು ಬಿಡುವುದರಿಂದ ನೀರು ಹೆಚ್ಚು ಹಾಕುವ ಕೈಗೆ ಅದೇ ಹೊಂದುತ್ತದೆ. ಮರೆಯುವ ಕೈಗೆ ಪ್ಲಾಸ್ಟಿಕ್.

ಗಿಡ ತೋರಿಸುವ ಗುರುತುಗಳು

ನೀರಿಲ್ಲದೆ ಬಾಡಿದ ಎಲೆ ಮುಟ್ಟಿದರೆ ಮೆತ್ತಗೆ, ತೆಳುವಾಗಿ, ಬಟ್ಟೆಯಂತೆ ಇರುತ್ತದೆ. ಬೇರಿಗೆ ಉಸಿರು ಕಟ್ಟತೊಡಗಿದ ಟೊಮೇಟೊ ಗಿಡದಲ್ಲಿ ಮೊದಮೊದಲು ಬೇರೆಯೇ ಚಿತ್ರ ಕಾಣುತ್ತದೆ. ಎಲೆ ಗಡುಸಾಗಿಯೇ ಇರುತ್ತದೆ, ಆದರೆ ತೊಟ್ಟು ಕೆಳಕ್ಕೆ ಬಾಗಿ ಎಲೆಗಳೆಲ್ಲ ಕಾಂಡದ ಕಡೆಗೆ ಜೋತಾಡುತ್ತವೆ. ಆಮ್ಲಜನಕವಿಲ್ಲದ ಬೇರಿನಲ್ಲಿ ಎಥಿಲೀನ್ ಅನಿಲದ ಹಿಂದಿನ ಹಂತದ ವಸ್ತು ತಯಾರಾಗುತ್ತದೆ. ಅದನ್ನು ಎಥಿಲೀನ್ ಮಾಡಲು ಆಮ್ಲಜನಕ ಬೇಕು, ಬೇರಿನಲ್ಲಿ ಅದಿಲ್ಲ. ಹಾಗಾಗಿ ಆ ವಸ್ತು ನೀರಿನ ಜೊತೆ ಮೇಲೇರಿ, ಎಲೆಯ ತೊಟ್ಟಿನಲ್ಲಿ ಗಾಳಿ ಸಿಕ್ಕಿದ ಕೂಡಲೇ ಎಥಿಲೀನ್ ಆಗುತ್ತದೆ. ಅದರಿಂದ ತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು, ತೊಟ್ಟು ಕೆಳಗೆ ಬಾಗುತ್ತದೆ. ಈ ಹಂತದಲ್ಲೇ ಗುರುತಿಸಿದರೆ ಗಿಡ ಸುಲಭವಾಗಿ ಚೇತರಿಸಿಕೊಳ್ಳುತ್ತದೆ.

ಆಮೇಲೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ನೀರು ನಿಂತ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು, ಅಂದರೆ ಬೇರು ಹೀರುವ ರೂಪದ ಸಾರಜನಕವನ್ನು, ಅನಿಲವಾಗಿಸಿ ಗಾಳಿಗೆ ಬಿಡುತ್ತವೆ, ಸೋತ ಬೇರು ಉಳಿದದ್ದನ್ನೂ ಎಳೆದುಕೊಳ್ಳಲಾರದು. ಇದನ್ನು ನೋಡಿ ಗೊಬ್ಬರ ಹಾಕಬೇಡಿ, ಉಪ್ಪು ಸೇರಿ ಇನ್ನಷ್ಟು ಸುಡುತ್ತದೆ. ಮಧ್ಯಾಹ್ನ ಬಾಡಿ ಸಂಜೆ ತಾನಾಗಿ ಎದ್ದು ನಿಲ್ಲುವ ಗಿಡದ ಬಗ್ಗೆ ಅಷ್ಟು ಚಿಂತೆ ಬೇಡ. ಬೆಳಗಿನ ತಂಪಿನಲ್ಲೂ ಬಾಡಿಯೇ ಇದ್ದರೆ ಅಂದೇ ನೋಡಬೇಕು.

ನೋಡುವುದೆಂದರೆ ಕುಂಡ ಬೋರಲು ಹಾಕಿ ಬೇರನ್ನೇ ನೋಡುವುದು. ಬುಡದ ಎರಡು ಬದಿಗೆ ಬೆರಳು ಕೊಟ್ಟು ಕುಂಡದ ಅಂಚನ್ನು ಮೇಜಿಗೆ ತಟ್ಟಿದರೆ ಉಂಡೆ ಪೂರ್ತಿ ಹೊರಬರುತ್ತದೆ. ಒಳ್ಳೆಯ ಬೇರು ಬಿಳಿ ಅಥವಾ ಕೆನೆಬಣ್ಣ, ಚಿವುಟಿದರೆ ಗಟ್ಟಿ. ಕೊಳೆತದ್ದು ಕಂದು, ಮೆತ್ತಗೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಕಳಚಿ ಕೈಗೆ ಬಂದು, ಒಳಗಿನ ನಾರು ಮಾತ್ರ ದಾರದಂತೆ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಗಾಳಿಯೇ ಇಲ್ಲದ ಕಡೆ ಹುಟ್ಟುವ ಅನಿಲ. ಪಿಥಿಯಂ, ಫೈಟೊಫ್ಥೊರಾದಂಥ ರೋಗಾಣುಗಳು ಬರುವುದೂ ಇಂಥಲ್ಲೇ. ಅವುಗಳ ಬೀಜಕಗಳು ನೀರಿನಲ್ಲಿ ಈಜಿ ಬೇರು ತಲುಪುತ್ತವೆ.

ಬೇರು ಇನ್ನೂ ಬಿಳಿಯಿದ್ದು ಮಣ್ಣು ಮಾತ್ರ ತೊಯ್ದು ಕೂತಿದ್ದರೆ ಕುಂಡ ಬದಲಿಸಬೇಕಿಲ್ಲ. ಕುಂಡವನ್ನು ಒಂದು ಮೂಲೆಗೆ 45 ಡಿಗ್ರಿ ವಾಲಿಸಿ, ತಳದಂಚಿನ ತೂತು ಕೆಳಗೆ ಬರುವಂತೆ ಅರ್ಧ ತಾಸು ಇಡಿ. ನಿಂತಿದ್ದ ನೀರಿನ ಒಂದು ದೊಡ್ಡ ಪಾಲು ಇಳಿಯುತ್ತದೆ. ಸ್ಪಂಜನ್ನು ನೆಟ್ಟಗೆ ನಿಲ್ಲಿಸಿದ ಹಾಗೆಯೇ ಇದೂ. ಶಾಶ್ವತವಾಗಿ ಬೇಕಾದರೆ ಬತ್ತಿ ಹಾಕಿ: ಎರಡು ಬೆರಳಗಲ, 20 ಸೆಂಟಿಮೀಟರ್ ಉದ್ದದ ಬಟ್ಟೆಯ ಪಟ್ಟಿಯನ್ನು ನೆನೆಸಿ, ತೂತಿನ ಮೂಲಕ 5 ಸೆಂಟಿಮೀಟರ್ ಒಳಗೆ ತೂರಿಸಿ, ಉಳಿದದ್ದು ಕೆಳಗೆ ನೇತಾಡಲಿ. ಕುಂಡವನ್ನು ಅಷ್ಟು ಎತ್ತರದಲ್ಲಿ ಇಡಬೇಕು. ತಳದ ನೀರು ಬತ್ತಿಗುಂಟ ಇಳಿದು ತುದಿಯಲ್ಲಿ ತೊಟ್ಟಿಕ್ಕುತ್ತದೆ. ಹತ್ತಿ ಬೇಗ ಕೊಳೆಯುತ್ತದೆ, ನೈಲಾನ್ ಬಹುಕಾಲ ಬರುತ್ತದೆ.

ಬೇರು ಕೊಳೆತಿದ್ದರೆ ಹಳೆ ಮಣ್ಣನ್ನು ನೀರಿನಲ್ಲಿ ಅಲುಗಿಸಿ ತೊಳೆಯಿರಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಂದು ಬೇರನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಹೂ, ಕಾಯಿ ಇದ್ದರೆ ಚಿವುಟಿ. ಉಳಿದ ಬೇರು ಹಿಡಿಸುವಷ್ಟೇ ಸಣ್ಣ ಕುಂಡದಲ್ಲಿ, ಹೊಸ ಮಿಶ್ರಣದಲ್ಲಿ ನೆಟ್ಟು, ಒಮ್ಮೆ ನೀರು ಹಾಕಿ ನೆರಳಿನಲ್ಲಿಡಿ. ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿದರೆ ಎಲೆ ನೀರು ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಹೊಸ ಎಲೆ ಬಿಚ್ಚಿಕೊಳ್ಳುವವರೆಗೆ ಗೊಬ್ಬರ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಆಮ್ಲಜನಕ ಸಿಗುತ್ತದೆ ಎನ್ನುವವರಿದ್ದಾರೆ. ಅದು ಮಣ್ಣು ಮುಟ್ಟಿದ ಕೂಡಲೇ ಒಡೆದು ಬೇಗನೆ ಮುಗಿದುಹೋಗುತ್ತದೆ, ನಾಳೆಯ ಉಸಿರಿಗೆ ಒದಗುವುದಿಲ್ಲ.

ಆ ಹಳೆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ, ರೋಗಾಣುಗಳ ದಪ್ಪ ಸಿಪ್ಪೆಯ ಬೀಜಕಗಳು ಅದರಲ್ಲಿ ಬಹುಕಾಲ ಬದುಕಿರುತ್ತವೆ. ಕುಂಡವನ್ನು ಮೊದಲು ಬ್ರಷ್‌ನಿಂದ ಉಜ್ಜಿ ಮಣ್ಣು ತೆಗೆಯಿರಿ. ಮಣ್ಣು ಮೆತ್ತಿದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮುಳುಗಿಸಿಟ್ಟು, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಕುಂಡದ ಅಂಚಿನ ಬಿಳಿ ಉಪ್ಪು ತೆಗೆಯಲು ವಿನೆಗರ್ ಬಳಸುವುದಾದರೆ ಅದನ್ನು ಬೇರೆ ದಿನ ಮಾಡಿ. ಬ್ಲೀಚ್ ಮತ್ತು ವಿನೆಗರ್ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ.